ರವಿವಾರದ ಫುಟ್‌ಬಾಲ್ ಆಟ, ಮಿಡ್‌ಫೀಲ್ಡ್‌ನವರಿಗೆ (ಮೈದಾನದ ನಡುವ ಆಡೋರಿಗೆ) ಒಂದ್ ಮಾತು

ಎಲ್ಲಾರಿಗೂ ನಮಸ್ಕಾರ್ರಿ. ರವಿವಾರ ಮುಂಜಾನೆ ಆರಕ್ಕ ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನಕ್ಕ ಬರ್ರಿ. ಮಳಿಗೆ ನೆಲ ಜಾರಾಕತ್ತೈತಿ, ಸ್ಟಡ್ ಇರೋ ಬೂಟೇ ಇರಲಿ.

ಹೋದ ವಾರ ನಡುವ ಆಡಿದವರು ಚೆಂಡು ಕಾಲಿಗೆ ಬಂದ ಮ್ಯಾಲೆ ತಲಿ ಎತ್ತಿದ್ರಿ, ಅಷ್ಟರಾಗ ಕಸ್ಕೊಂಡು ಹೋದ್ರು. ದಯವಿಟ್ಟು ಮಿಡ್‌ಫೀಲ್ಡ್ ಆಟಗಾರ ಲೂಕಾ ಮೊಡ್ರಿಚ್‌ನ ಆಟ ನೋಡಿ ಬರ್ರಿ. ಚೆಂಡು ಬರೂಕಿಂತ ಮೊದಲ ಹೆಗಲ ಮ್ಯಾಲಿಂದ ಹಿಂದ ಹೊಳ್ಳಿ ನೋಡಿರ್ತಾನ. 2022ರ ಏಪ್ರಿಲ್‌ನಾಗ ಇಂಗ್ಲೆಂಡಿನ ಚೆಲ್ಸಿ ತಂಡದ ವಿರುದ್ಧ ಬಲಗಾಲಿನ ಹೊರಮೈಯಿಂದ ತನ್ನ ತಂಡದ ರೊಡ್ರಿಗೊಗೆ ಕೊಟ್ಟ ಪಾಸ್ ನಾ ಎಷ್ಟ್ ಸಲ ನೋಡೀನೋ ಲೆಕ್ಕಿಲ್ಲ. ಚೆಂಡು ಡಿಫೆಂಡರ್‌ಗಳ ತಲಿ ಮ್ಯಾಲೆ ಬಾಗಿ ಸರಿಯಾಗಿ ಅವನ ಕಾಲಿಗೇ ಬೀಳತೈತಿ. ಆಗ ಮೊಡ್ರಿಚ್‌ಗೆ 36.

ಕ್ರೊಯೇಷಿಯಾದವ. ಯುದ್ಧದಾಗ ಅಜ್ಜನ್ನ ಕಳ್ಕೊಂಡು, ಝಾದರ್ ಊರಿನ ಹೋಟೆಲಿನಾಗ ನಿರಾಶ್ರಿತನಾಗಿ ಬೆಳದ ಹುಡುಗ. ಮೊದಲ ಡಿನಾಮೊ ಝಾಗ್ರೆಬ್ ಕ್ಲಬ್, 2008ಕ್ಕ ಟಾಟನ್‌ಹ್ಯಾಮ್, 2012ಕ್ಕ ರಿಯಲ್ ಮ್ಯಾಡ್ರಿಡ್; ಅಲ್ಲಿ ಆರು ಸಲ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್ ಗೆದ್ದ. ಹತ್ತು ವರ್ಷ ಮೆಸ್ಸಿ, ರೊನಾಲ್ಡೊ ಇಬ್ಬರ ನಡುವನ ಇದ್ದ ಬ್ಯಾಲನ್ ಡಿಓರ್ (ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ) 2018ಕ್ಕ ಇವನ ಕೈಗೆ ಬಂತು. 39ನೇ ವಯಸ್ಸಿಗೆ ಇಟಲಿಯ ಎಸಿ ಮಿಲಾನ್ ಸೇರಿದ.

ನಮ್ಮ ಸಣ್ಣ ಮೈಯಿನ ಹುಡುಗರು ಇವನ್ನ ನೋಡಾಕs ಬೇಕ್ರಿ. ರವಿವಾರ ಆಟಕ್ಕಿಂತ ಮೊದಲ ಹದಿನೈದು ನಿಮಿಷ ಹೊಳ್ಳಿ ನೋಡೋದನ್ನs ಪ್ರಾಕ್ಟೀಸ್ ಮಾಡೋಣು. ಬರೋರು ಶನಿವಾರ ರಾತ್ರಿಯೊಳಗ ಹೆಸರು ಹಾಕ್ರಿ.