ಬಿಚ್ಚಿದ್ದು ನಾನು, ಹಿಡಿದುಕೊಂಡಿದ್ದು ನೀವು

ಮೊನ್ನೆ ಭಾನುವಾರ ಸಂಜೆ ಕೊನೆಯ ರೋಟರ್ ಕೂಡ ಆಚೆ ಬಂತು. ಈಗ ನನ್ನ ಹತ್ತಿರ ಎಂಜಿನ್ ಅಂತ ಏನೂ ಇಲ್ಲ, ಒಂದು ಟೇಬಲ್ ತುಂಬ ಬಿಡಿಭಾಗಗಳಿವೆ. ಎಲ್ಲ ಮತ್ತೆ ಜೋಡಿಸಿ, ಸ್ಟಾರ್ಟ್ ಮಾಡಿ, ಆಮೇಲೆ ನಿಮಗೆಲ್ಲ ಥ್ಯಾಂಕ್ಸ್ ಹೇಳೋಣ ಅಂದುಕೊಂಡಿದ್ದೆ. ಅದಕ್ಕೆ ಇನ್ನೂ ತಿಂಗಳುಗಳೇ ಬೇಕು. ಅಷ್ಟರಲ್ಲಿ ಯಾರು ಯಾವ ಬೋಲ್ಟಿಗೆ ಕೈ ಹಾಕಿದ್ದರು ಅನ್ನೋದೇ ಮರೆತುಹೋಗುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮಜ್ದಾ ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಬದಿ ಉಬ್ಬಿದ ತ್ರಿಕೋನದಂಥ ಎರಡು ರೋಟರ್‌ಗಳು. ನಡು ಸ್ವಲ್ಪ ಹಿಂಡಿದ ಮೊಟ್ಟೆಯಾಕಾರದ ಹೌಸಿಂಗ್, ಅಂದರೆ ಹೊರಗಿನ ಗೂಡಿನ ಒಳಗೆ ಒಂದೊಂದೂ ಸುತ್ತುತ್ತದೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಮಧ್ಯದ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ. ಕೇಳೋಕೆ ಎಷ್ಟು ಸರಳ ಅಲ್ವಾ? ಇದಕ್ಕೆ ಮುಂಚೆ ನಾನು ಪೂರ್ತಿ ಬಿಚ್ಚಿದ್ದ ದೊಡ್ಡ ಯಂತ್ರ ಅಂದರೆ ಸೈಕಲ್.

ಮೊದಲ ಥ್ಯಾಂಕ್ಸ್ ಗೆಳೆಯ, ನಿನಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಎಂಜಿನ್ ತಂಪು ಮಾಡುವ ಕೂಲಂಟ್ ದಿನಾ ಒಂಚೂರು ಕಮ್ಮಿಯಾಗುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ನಾನು ರೇಡಿಯೇಟರ್ ಬದಲಾಯಿಸೋಕೆ ಹೊರಟಿದ್ದೆ. ನೀನು ಬಂದು, ಸ್ಪಾರ್ಕ್ ಪ್ಲಗ್ ತೆಗೆದು, ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆ. ಹಾಕೋ ಮುಂಚೆ ಅದರೊಳಗಿನ ಪುಟ್ಟ ವಾಲ್ವ್ ಕಿತ್ತೆ. ಗೇಜ್ ಹಾಳು ಮಾಡ್ತಿದ್ದಾನೆ ಅಂತ ಮನಸ್ಸಲ್ಲೇ ಬೈದುಕೊಂಡಿದ್ದೆ, ಸಾರಿ. ವಾಲ್ವ್ ಇದ್ದರೆ ಗೇಜ್ ರೋಟರಿನ ಮೂರು ಮುಖಗಳಲ್ಲಿ ಒತ್ತಡ ಜಾಸ್ತಿ ಇರುವ ಒಂದನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ. ತೆಗೆದರೆ ಮೂರೂ ಮುಖಕ್ಕೆ ಮೂರು ಸಲ ಮುಳ್ಳು ಕುಣಿಯುತ್ತದೆ. ಹಿಂದಿನ ರೋಟರಲ್ಲಿ ಒಂದು ಕುಣಿತ ಜೋರು, ಎರಡು ಸಪ್ಪೆ. "ಎರಡು ಮುಖ ಒಟ್ಟಿಗೆ ಸೋತಿವೆ ಅಂದರೆ ಅವೆರಡರ ನಡುವಿನ ಎಪೆಕ್ಸ್ ಸೀಲ್ ನೋಡು" ಅಂದೆ ನೀನು. ರೋಟರಿನ ಮೂಲೆಯಲ್ಲಿ ಕೂತು ಹೌಸಿಂಗಿನ ಗೋಡೆಗೆ ಒತ್ತಿಕೊಂಡಿರುವ ಪಟ್ಟಿ ಅದು. ಬಿಚ್ಚಿದ ಮೇಲೆ ನಾನು ನೋಡಿದೆ. ಆ ಸೀಲು ಮಸಿ ಕಟ್ಟಿಕೊಂಡು ತನ್ನ ಸಂದಿನಲ್ಲೇ ಹೂತುಹೋಗಿತ್ತು. ಕೆಳಗಿನ ಸ್ಪ್ರಿಂಗ್ ಎಷ್ಟು ತಳ್ಳಿದರೂ ಮೇಲೆ ಬರುವ ಸ್ಥಿತಿಯಲ್ಲಿರಲಿಲ್ಲ.

ಮೆಕ್ಯಾನಿಕ್ ಅಣ್ಣ, ನಿಮಗೆ ನನ್ನ ಕಾಲಿನ ಪರವಾಗಿ ಥ್ಯಾಂಕ್ಸ್. ಶಾಫ್ಟಿನ ತುದಿಯ ಭಾರದ ಚಕ್ರ ಫ್ಲೈವೀಲ್. ಅದರ ನಟ್ 54 ಮಿಲಿಮೀಟರಿನದು. ಅಷ್ಟು ದೊಡ್ಡ ಸಾಕೆಟ್ ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ನೀವು ಸಾಕೆಟ್ ಕೊಟ್ಟಿರಿ, ಉದ್ದನೆಯ ಪೈಪು ಕೊಟ್ಟಿರಿ, ನಟ್ಟಿನ ಅಂಟು ಸಡಿಲವಾಗಲಿ ಅಂತ ಬಿಸಿ ಮಾಡೋಕೆ ಹೇಳಿದಿರಿ. ಎಲ್ಲಕ್ಕಿಂತ ಮುಖ್ಯವಾಗಿ, "ನಟ್ ಸಡಿಲ ಆಯ್ತು ಅಂತ ಪೂರ್ತಿ ತೆಗೀಬೇಡ, ಎರಡು ಸುತ್ತು ಬಿಟ್ಟಿರು" ಅಂದಿರಿ. ಫ್ಲೈವೀಲ್ ಶಾಫ್ಟಿನ ಇಳಿಜಾರಿನ ಮೇಲೆ ಕಚ್ಚಿಕೊಂಡು ಕೂತಿರುತ್ತದೆ. ಪುಲ್ಲರ್ ಹಾಕಿ ಬಿಗಿ ಮಾಡುತ್ತಾ ಹೋದೆ, ಏನೂ ಆಗಲಿಲ್ಲ. ಒಂದು ಏಟು ಕೊಟ್ಟೆ. ಗುಂಡು ಹಾರಿಸಿದ ಹಾಗೆ ಸದ್ದಾಗಿ ಒಮ್ಮೆಲೇ ಬಿಟ್ಟುಕೊಂಡಿತು. ಆ ನಟ್ ಇಲ್ಲದಿದ್ದರೆ ಅಷ್ಟೂ ಭಾರ ನನ್ನ ಪಾದದ ಮೇಲೆ.

ಅಕ್ಕ, ಈಗ ನಿನ್ನ ಸರದಿ. ಇಡೀ ಕೆಲಸದಲ್ಲಿ ನನಗೆ ಹೆದರಿಕೆ ಇದ್ದದ್ದು ಭಾರದ ವಸ್ತುಗಳದ್ದಲ್ಲ, ಸಣ್ಣವುಗಳದ್ದು. ಎರಡು ರೋಟರ್ ಸೇರಿ ಎಪೆಕ್ಸ್ ಸೀಲ್ 6, ಮೂಲೆಯ ಕಾರ್ನರ್ ಸೀಲ್ 12, ಬದಿಯ ಸೈಡ್ ಸೀಲ್ 12, ಎಣ್ಣೆ ತಡೆಯುವ ಆಯಿಲ್ ರಿಂಗ್ 8. ಎಲ್ಲಕ್ಕೂ ಅದರದರದೇ ಸ್ಪ್ರಿಂಗ್. ನೋಡೋಕೆ ಎಲ್ಲ ಒಂದೇ ಥರ. ಆದರೆ ಒಂದೊಂದೂ ತನ್ನ ಸಂದಿಗೆ ತಕ್ಕ ಹಾಗೆ ಸವೆದಿರುತ್ತದೆ. ಹಾಕುವುದಾದರೆ ಅದೇ ಜಾಗಕ್ಕೇ ವಾಪಸ್ ಹಾಕಬೇಕು. ನಾನು ಒಂದು ಡಬ್ಬಿ ತಂದಿಟ್ಟುಕೊಂಡಿದ್ದೆ, ಎಲ್ಲ ಅದರೊಳಗೆ ಸುರಿಯೋಕೆ! ನೀನು ಬಟ್ಟೆ ಕತ್ತರಿಸಿದ ತುಂಡುಗಳಿಗೆ ಗುರುತು ಹಾಕಿ ಪಿನ್ ಚುಚ್ಚಿಡುವವಳು. ಡಬ್ಬಿ ನೋಡಿ ತಲೆ ಚಚ್ಚಿಕೊಂಡೆ. ದೊಡ್ಡ ರಟ್ಟಿನ ಮೇಲೆ ನಾಲ್ಕು ತ್ರಿಕೋನ ಬರೆದುಕೊಟ್ಟೆ. ಮುಂದಿನ ರೋಟರಿನ ಎರಡು ಬದಿ, ಹಿಂದಿನದರ ಎರಡು ಬದಿ. ಮೂಲೆಗಳಿಗೆ ನಂಬರ್. ಸೀಲ್ ತೆಗೆದ ಕೂಡಲೇ ರಟ್ಟಿನಲ್ಲಿ ಅದೇ ಜಾಗಕ್ಕೆ ಚುಚ್ಚು, ಆಮೇಲೇ ಮುಂದಿನದಕ್ಕೆ ಕೈ ಹಾಕು ಅಂತ ನಿಯಮ. ಈಗ ಆ ರಟ್ಟು ಗೋಡೆಗೆ ಒರಗಿ ನಿಂತಿದೆ. ದಿನಾ ಒಂದು ಸಲ ನೋಡುತ್ತೇನೆ.

ಎಪೆಕ್ಸ್ ಸೀಲಿನ ತುದಿಯಲ್ಲಿ ಉಗುರಿಗಿಂತ ಚಿಕ್ಕ ತ್ರಿಕೋನದ ತುಂಡೊಂದು ಇರುತ್ತದೆ. ಅದೇ ಒಂದು ದಿನ ಮಾಯವಾಯಿತು. ಎರಡು ಗಂಟೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಅಕ್ಕನ ಮಗಳಿಗೆ, ನನ್ನದೇ ಚಪ್ಪಲಿಯ ತಳದಲ್ಲಿ. ಪುಟ್ಟಿ, ನಿನಗೂ ಥ್ಯಾಂಕ್ಸ್. ಆಮೇಲೆ ನೀನು ಮನೆಯವರಿಗೆಲ್ಲ ಚಪ್ಪಲಿ ಎತ್ತಿ ತೋರಿಸಿ ಅಂತ ಕಾಟ ಕೊಟ್ಟಿದ್ದಕ್ಕೂ.

ಭಾವ, ನೀವು ಬರದಿದ್ದರೆ ಕೆಲಸ ಅರ್ಧಕ್ಕೇ ನಿಂತಿರುತ್ತಿತ್ತು. ಇದು ಹೊಗಳಿಕೆಗೆ ಹೇಳುವ ಮಾತಲ್ಲ. ಈ ಎಂಜಿನ್ ಒಂದರ ಮೇಲೊಂದು ಪೇರಿಸಿದ ಐದು ಪದರ. ಬೀಡುಕಬ್ಬಿಣದ ಪ್ಲೇಟು, ಅಲ್ಯೂಮಿನಿಯಂ ಹೌಸಿಂಗ್, ಮತ್ತೆ ಪ್ಲೇಟು, ಮತ್ತೆ ಹೌಸಿಂಗ್, ಕೊನೆಗೆ ಇನ್ನೊಂದು ಪ್ಲೇಟು. ಹಿಂದಿನಿಂದ ಮುಂದಿನವರೆಗೆ ತೂರಿಬರುವ 18 ಉದ್ದನೆಯ ಬೋಲ್ಟುಗಳು ಎಲ್ಲವನ್ನೂ ಬಿಗಿಹಿಡಿದಿರುತ್ತವೆ. ಅವುಗಳನ್ನು ಒಂದೇ ಸಲಕ್ಕೆ ತೆಗೆಯುವ ಹಾಗಿಲ್ಲ. ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಸುತ್ತು ಬರಬೇಕು. ಅಲ್ಲಿವರೆಗೂ ಒಬ್ಬನೇ ಮಾಡಿದೆ. ಹಿಂದಿನ ಪ್ಲೇಟು, ಹೌಸಿಂಗ್, ರೋಟರ್, ಮೂರೂ ಬಂದವು. ನಡುವಿನ ಪ್ಲೇಟು ಮಾತ್ರ ಬರಲಿಲ್ಲ. ಶಾಫ್ಟಿನ ಉಬ್ಬು ಅಡ್ಡ ಬರುತ್ತದೆ. ಒಬ್ಬರು ಶಾಫ್ಟನ್ನು ಒಂದಂಗುಲ ಮೇಲೆತ್ತಿ ಹಿಡಿದಿರಬೇಕು, ಇನ್ನೊಬ್ಬರು ಪ್ಲೇಟನ್ನು ಆ ಉಬ್ಬು ದಾಟಿಸಿ ನೆಟ್ಟಗೆ ಎತ್ತಬೇಕು. ಎರಡು ಕೈಯಲ್ಲಿ ಆಗುವ ಕೆಲಸವೇ ಅಲ್ಲ. ನೀವು ಒಳ್ಳೆ ಶರ್ಟು ಹಾಕಿಕೊಂಡು ಬೇರೆಲ್ಲಿಗೋ ಹೊರಟಿದ್ದಿರಿ. "ಹಿಡಿದುಕೋ ಅಂದರೆ ಹಿಡಿದುಕೋತೀನಿ, ಕಾರಣ ಕೇಳಲ್ಲ" ಅಂದಿರಿ. ಪ್ಲೇಟು ಬಂತು. ಶರ್ಟಿನ ಗತಿ ಏನಾಯಿತು ಅಂತ ಅಕ್ಕ ಇನ್ನೂ ನನಗೆ ನೆನಪಿಸುತ್ತಾಳೆ.

ಹೊಗೆಯ ಕಾರಣ ಆ ದಿನವೇ ಗೊತ್ತಾಯಿತು. ಹೌಸಿಂಗಿಗೂ ಪ್ಲೇಟಿಗೂ ನಡುವೆ ಕೂಲಂಟ್ ಒಳಗೆ ನುಗ್ಗದಂತೆ ತಡೆಯುವ ರಬ್ಬರ್ ಸೀಲು, ಸ್ಪಾರ್ಕ್ ಪ್ಲಗ್ ಇರುವ ಬದಿಯಲ್ಲಿ ಸುಟ್ಟ ದಾರದ ಹಾಗೆ ಗಟ್ಟಿಯಾಗಿತ್ತು. ಎಂಜಿನ್ನಿಗೆ ಅತಿ ಜಾಸ್ತಿ ಬಿಸಿ ತಾಗುವ ಜಾಗ ಅದು. ಮುಟ್ಟಿದರೆ ಪುಡಿಪುಡಿ.

ಒಬ್ಬರಿಗೆ ಮಾತ್ರ ಥ್ಯಾಂಕ್ಸ್ ಇಲ್ಲ. ನನಗಿಂತ ಮುಂಚೆ ಈ ಎಂಜಿನ್ ಬಿಚ್ಚಿ ಜೋಡಿಸಿದ ಪುಣ್ಯಾತ್ಮರಿಗೆ. ಆಯಿಲ್ ಪ್ಯಾನಿಗೆ ಅಷ್ಟೊಂದು ಸಿಲಿಕೋನ್ ಬಳಿದಿದ್ದೀರಲ್ಲ, ಅದರ ಎಳೆಗಳು ಎಣ್ಣೆ ಹೀರುವ ಜಾಲರಿಗೆ ಅಂಟಿಕೊಂಡಿದ್ದವು. ನಿಮ್ಮನ್ನು ನೆನೆಯುತ್ತಲೇ ಕಿತ್ತೆ.

ಇನ್ನು, ಎಂದೂ ಭೇಟಿಯಾಗದವರು. ಈ ಬಗೆಯ ಎಂಜಿನ್ ಕಂಡುಹಿಡಿದವರು ಫೆಲಿಕ್ಸ್ ವಾಂಕೆಲ್. 1957ರಲ್ಲಿ ಅವರ ಎಂಜಿನ್ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಸಲ ಓಡಿತು. ಅದರಲ್ಲಿ ರೋಟರ್ ಮಾತ್ರವಲ್ಲ, ಹೊರಗಿನ ಹೌಸಿಂಗೂ ತಿರುಗುತ್ತಿತ್ತು. ಅದನ್ನು ನಿಲ್ಲಿಸಿ ಈಗಿನ ಸರಳ ರೂಪಕ್ಕೆ ತಂದವರು ಅಲ್ಲಿನ ಎಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ. ಹೌಸಿಂಗೂ ತಿರುಗುವ ಎಂಜಿನ್ ನನ್ನ ಟೇಬಲ್ ಮೇಲಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆಮೇಲೆ ಮಜ್ದಾದ ಕೆನಿಚಿ ಯಮಮೊಟೊ ಅವರ ತಂಡ. ಅವರ ಮೊದಮೊದಲ ಎಂಜಿನ್‌ಗಳಲ್ಲಿ ಎಪೆಕ್ಸ್ ಸೀಲ್ ಅದುರಿ ಅದುರಿ ಹೌಸಿಂಗಿನ ಒಳಗೋಡೆಯ ತುಂಬ ಗೀರು ಎಬ್ಬಿಸುತ್ತಿತ್ತು. ಅದನ್ನು ಅವರು ದೆವ್ವದ ಉಗುರಿನ ಗುರುತು ಅನ್ನುತ್ತಿದ್ದರು. ಕಾರ್ಬನ್ನಿಗೆ ಅಲ್ಯೂಮಿನಿಯಂ ಸೇರಿಸಿದ ಸೀಲು ಮಾಡಿ ಅದರಿಂದ ಪಾರಾಗಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಹೊರತಂದರು. ನಾನು ಟಾರ್ಚ್ ಹಿಡಿದು ನನ್ನ ಎರಡೂ ಹೌಸಿಂಗ್ ಒಳಗೆ ಉಗುರು ಎಳೆಯುತ್ತಾ ಹುಡುಕಿದೆ. ಅಂಚಿನಲ್ಲಿ ಒಂದು ಕಡೆ ಕ್ರೋಮ್ ಸ್ವಲ್ಪ ಎದ್ದಿದೆ. ಗೀರಿಲ್ಲ.

ಮುಂದಿನ ಲೆಕ್ಕ ಹೀಗಿದೆ. ಎಪೆಕ್ಸ್ ಸೀಲಿನ ಎತ್ತರ ಹೊಸದರಲ್ಲಿ 8 ಮಿ.ಮೀ., 6.5ಕ್ಕಿಂತ ಕೆಳಗೆ ಹೋದರೆ ಎಸೆಯಬೇಕು. ನನ್ನವು ಇನ್ನೂ 7ರ ಮೇಲಿವೆ, ಆದರೂ ಆರನ್ನೂ ಬದಲಾಯಿಸುತ್ತೇನೆ. ಇಷ್ಟು ಕಷ್ಟಪಟ್ಟು ಬಿಚ್ಚಿ ಹಳೇದನ್ನೇ ಹಾಕೋಕೆ ಮನಸ್ಸಿಲ್ಲ. ನಡುವಿನ ಪ್ಲೇಟಿನ ಮೇಲೆ ನೇರ ಪಟ್ಟಿ ಇಟ್ಟರೆ ಸಂದು ಅಳೆಯುವ 0.04 ಮಿ.ಮೀ. ದಪ್ಪದ ತಗಡು ಸಲೀಸಾಗಿ ನುಸುಳಿತು. ಸೊಟ್ಟ ಮಿತಿ ಮೀರಿದೆ, ಹೊಸ ಪ್ಲೇಟು ಹುಡುಕಬೇಕು. ಭಾವ, ಅದು ಸಿಕ್ಕ ದಿನ ಮತ್ತೆ ಫೋನ್ ಮಾಡುತ್ತೇನೆ. ಹಳೇ ಶರ್ಟು ಹಾಕಿಕೊಂಡು ಬನ್ನಿ.

ಮೆಕ್ಯಾನಿಕ್ ಅಣ್ಣ, ನಿಮ್ಮ 54ರ ಸಾಕೆಟ್ ತೊಳೆದು, ಎಣ್ಣೆ ಒರೆಸಿ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಅದೇ ನಟ್ ಮತ್ತೆ ಬಿಗಿ ಮಾಡಬೇಕಲ್ಲ. ಅಲ್ಲಿವರೆಗೆ ದಯವಿಟ್ಟು ಕೇಳಬೇಡಿ.