ಸ್ಟೀವ್ ಬೀಕೊ ಕಡತದಲ್ಲಿ ಡಾಕ್ಟರ ಸಹಿಯೂ ಇದೆ

ಗೌರವಾನ್ವಿತ ಮಮೊಲೊಕೊ ಕುಬಾಯಿ ಅವರಿಗೆ,
ನ್ಯಾಯ ಖಾತೆ ಸಚಿವರು, ದಕ್ಷಿಣ ಆಫ್ರಿಕಾ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಕರ್ನಾಟಕದಲ್ಲಿ ಓದಿ, ಈಗ ಡರ್ಬನ್‌ನಲ್ಲಿ ಕೆಲಸ ಮಾಡುತ್ತಿರುವ ಡಾಕ್ಟರ್. ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲಿ ಇಲ್ಲಿ ಹಾಕುತ್ತಿರುವುದು ನಮ್ಮ ಊರಿನವರು, ಅದರಲ್ಲೂ ನನ್ನ ಜೊತೆ ಓದಿದ ಡಾಕ್ಟರುಗಳು ಓದಲಿ ಅಂತ.

1977ರ ಸೆಪ್ಟೆಂಬರ್ 12ರಂದು, ವರ್ಣಭೇದ ನೀತಿಯ ವಿರುದ್ಧ ಹೋರಾಡಿದ ಸ್ಟೀವ್ ಬೀಕೊ ಪೊಲೀಸರ ವಶದಲ್ಲಿ ತೀರಿಕೊಂಡರು. ಆಗ ಅವರಿಗೆ 30 ವರ್ಷ. ಅದೇ ವರ್ಷ ಡಿಸೆಂಬರ್‌ನಲ್ಲಿ ವಿಚಾರಣೆ ನಡೆಸಿದ ಮ್ಯಾಜಿಸ್ಟ್ರೇಟ್, ಈ ಸಾವಿಗೆ ಯಾರೂ ಕಾರಣರಲ್ಲ ಎಂದು ಬರೆದರು. 48 ವರ್ಷದ ಮೇಲೆ, 2025ರ ಸೆಪ್ಟೆಂಬರ್ 12ರಂದು, ಗೆಬೆರ್ಹಾ (ಆಗಿನ ಪೋರ್ಟ್ ಎಲಿಜಬೆತ್) ಹೈಕೋರ್ಟಿನಲ್ಲಿ ಆ ವಿಚಾರಣೆ ಮತ್ತೆ ತೆರೆಯಿತು. ಅದಕ್ಕೆ ನೀವು ಒಪ್ಪಿಗೆ ಕೊಟ್ಟಿರಿ. ಮೊದಲು ಅದಕ್ಕೆ ಕೃತಜ್ಞತೆ ಹೇಳಬೇಕು.

ಪೊಲೀಸರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಡಾಕ್ಟರುಗಳ ಬಗ್ಗೆ.

ಬೀಕೊ ಅವರೇ ಡಾಕ್ಟರ್ ಆಗಬೇಕಿತ್ತು. ಅಪ್ಪ ಅವರ ಚಿಕ್ಕಂದಿನಲ್ಲೇ ಹೋದರು. ಅಮ್ಮ ಮನೆಗೆಲಸ ಮಾಡಿ, ಆಮೇಲೆ ಆಸ್ಪತ್ರೆಯಲ್ಲಿ ಅಡುಗೆ ಮಾಡಿ ಮಕ್ಕಳನ್ನು ಸಾಕಿದರು. 1966ರಲ್ಲಿ ಬೀಕೊ ಇದೇ ಡರ್ಬನ್ನಿನ ಮೆಡಿಕಲ್ ಕಾಲೇಜಿಗೆ ಬಂದರು. ವಿಶ್ವವಿದ್ಯಾಲಯದ ಆ ವಿಭಾಗಕ್ಕೆ 'ಯುರೋಪಿಯನ್ನರಲ್ಲದವರದು' ಎಂದು ಹೆಸರು. ಹಾಸ್ಟೆಲ್ ಇದ್ದದ್ದು ವೆಂಟ್‌ವರ್ತ್‌ನಲ್ಲಿ, ತೈಲ ಶುದ್ಧೀಕರಣ ಕಾರ್ಖಾನೆಯ ಮಗ್ಗುಲಲ್ಲೇ.

ಆ ಹೆಸರನ್ನೇ ಅವರು ಮೊದಲು ಪ್ರಶ್ನಿಸಿದರು. ನಾನು ಏನಲ್ಲ ಅನ್ನುವುದೇ ನನ್ನ ಹೆಸರು ಆಗುವುದು ಹೇಗೆ? ಅವರು ಕಟ್ಟಿದ ವಿದ್ಯಾರ್ಥಿ ಸಂಘಟನೆ 'ಕಪ್ಪು ಜನ' ಅನ್ನುವ ಪದವನ್ನೇ ಎತ್ತಿ ಹಿಡಿಯಿತು. ಅದರಲ್ಲಿ ಆಫ್ರಿಕನ್ನರಷ್ಟೇ ಅಲ್ಲ, ಮಿಶ್ರ ಮೂಲದವರೂ ಭಾರತೀಯರೂ ಸೇರಿದ್ದರು. ಕಾನೂನು ಯಾರನ್ನೆಲ್ಲ ಕೀಳು ಮಾಡಿತ್ತೋ ಅವರೆಲ್ಲ ಒಂದು. ಭಾರತೀಯ ಮೂಲದ ಸ್ಟ್ರಿನಿ ಮೂಡ್ಲಿ, ಸ್ಯಾತ್ಸ್ ಕೂಪರ್ ಅಂಥವರು ಬೀಕೊ ಪಕ್ಕದಲ್ಲಿ ನಿಂತದ್ದು ಹೀಗೆ. ಡರ್ಬನ್ನಿನಲ್ಲಿ ನನ್ನಂಥ ಬಣ್ಣದವರು ಇವತ್ತು ತಲೆ ಎತ್ತಿ ಓಡಾಡುತ್ತಾರೆ. ಅದರ ಹಿಂದೆ ಆ ಹುಡುಗರ ಜೈಲುವಾಸವೂ ಇದೆ. ಇಲ್ಲಿಗೆ ಬರುವ ತನಕ ನನಗೆ ಇದು ಗೊತ್ತಿರಲಿಲ್ಲ.

1972ರಲ್ಲಿ ಕಾಲೇಜು ಅವರನ್ನು ಹೊರಹಾಕಿತು. 1973ರಲ್ಲಿ ಸರ್ಕಾರ ನಿರ್ಬಂಧ ಹೇರಿತು. ಊರು ಬಿಟ್ಟು ಹೋಗುವಂತಿಲ್ಲ, ಸಭೆಯಲ್ಲಿ ಮಾತಾಡುವಂತಿಲ್ಲ, ಅವರ ಮಾತನ್ನು ಪತ್ರಿಕೆಗಳು ಅಚ್ಚು ಹಾಕುವಂತಿಲ್ಲ. ಇಷ್ಟರ ಮಧ್ಯೆ ಅವರು ಮಾಡಿದ್ದೇನು? ಕಿಂಗ್ ವಿಲಿಯಮ್ಸ್ ಟೌನ್ ಹತ್ತಿರದ ಜಿನ್ಯೋಕಾ ಎಂಬ ಹಳ್ಳಿಯಲ್ಲಿ, 1975ರಲ್ಲಿ, ಜೊತೆಗಾರರನ್ನು ಕೂಡಿಕೊಂಡು ಒಂದು ಕ್ಲಿನಿಕ್ ತೆರೆದರು. ಹೆಸರು ಜನೆಂಪಿಲೊ, ಅಂದರೆ ಆರೋಗ್ಯ ತರುವುದು. ಮಾಂಫೆಲಾ ರಾಂಫೆಲೆ ಅಲ್ಲಿನ ಡಾಕ್ಟರ್. ಹೆರಿಗೆ ಅಲ್ಲೇ ಆಗುತ್ತಿತ್ತು. ಡಿಗ್ರಿ ಸಿಗದ ಮನುಷ್ಯ ಆಸ್ಪತ್ರೆ ಕಟ್ಟಿದರು. ಸರ್ಕಾರದ ಕಣ್ಣಿಗೆ ಉಗ್ರಗಾಮಿ ಅನ್ನಿಸಿದ್ದು ಇದೇ ಮನುಷ್ಯ.

ಇನ್ನು ಆ ಕೊನೆಯ ದಿನಗಳು. 1977ರ ಆಗಸ್ಟ್ 18ರಂದು ಗ್ರಹಾಮ್ಸ್‌ಟೌನ್ ಹತ್ತಿರ ರಸ್ತೆತಡೆಯಲ್ಲಿ ಬಂಧನ. ಪೋರ್ಟ್ ಎಲಿಜಬೆತ್ತಿನ ಠಾಣೆಯಲ್ಲಿ ಬಟ್ಟೆ ಬಿಚ್ಚಿಸಿ ಇಟ್ಟರು. ಸೆಪ್ಟೆಂಬರ್ 6ರಂದು ಪೊಲೀಸರ ಕಚೇರಿಯಿದ್ದ ಸ್ಯಾನ್ಲಾಮ್ ಕಟ್ಟಡದ 619ನೇ ಕೋಣೆಯಲ್ಲಿ ಮೆದುಳಿಗೆ ಪೆಟ್ಟಾಯಿತು. ಮರುದಿನ ಸರ್ಕಾರಿ ಡಾಕ್ಟರ್ ಐವರ್ ಲ್ಯಾಂಗ್ ಬಂದು ನೋಡಿದರು. ತುಟಿ ಹರಿದಿತ್ತು. ಕೈಕಾಲು ಊದಿತ್ತು. ಮಾತು ತೊದಲುತ್ತಿತ್ತು. ಆದರೂ ಯಾವ ತೊಂದರೆಯೂ ಕಾಣಲಿಲ್ಲ ಎಂದು ಸರ್ಟಿಫಿಕೇಟ್ ಬರೆದುಕೊಟ್ಟರು. ಆಮೇಲೆ ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಿದಾಗ ಅದರಲ್ಲಿ ರಕ್ತಕಣಗಳು ಸಿಕ್ಕವು. ಇಂಟರ್ನ್‌ಶಿಪ್ ಮಾಡುವ ಹುಡುಗರಿಗೂ ಇದು ಗಾಬರಿಯಾಗುವ ವಿಷಯ. ಆದರೂ 11ರಂದು ಮೇಲಿನ ಡಾಕ್ಟರ್ ಬೆಂಜಮಿನ್ ಟಕ್ಕರ್, ಪೊಲೀಸ್ ಗಾಡಿಯಲ್ಲಿ ಪ್ರಿಟೋರಿಯಾಕ್ಕೆ ಸಾಗಿಸಲು ಒಪ್ಪಿದರು. ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಮೈಮೇಲೆ ಬಟ್ಟೆ ಇಲ್ಲ. ಜೊತೆಗೆ ಒಂದು ಚೀಟಿಯಷ್ಟೂ ವೈದ್ಯಕೀಯ ದಾಖಲೆ ಇಲ್ಲ. ಮರುದಿನ ಜೀವ ಹೋಯಿತು. ಉಪವಾಸ ಮಾಡಿ ಸತ್ತರು ಅನ್ನುವ ಹಾಗೆ ಆಗಿನ ಮಂತ್ರಿ ಹೇಳಿಕೆ ಕೊಟ್ಟರು.

ಇದನ್ನು ಓದುವಾಗ ನನಗೆ ನನ್ನದೇ ಒಂದು ರಾತ್ರಿ ನೆನಪಾಗುತ್ತದೆ. ಆಗ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನೈಟ್ ಡ್ಯೂಟಿ. ಕಾನ್‌ಸ್ಟೇಬಲ್ ಒಬ್ಬರು ಒಬ್ಬ ಹುಡುಗನನ್ನು ಕರೆತಂದರು. "ಮೇಡಂ, ಬೆಳಿಗ್ಗೆ ಜಡ್ಜ್ ಮುಂದೆ ಹಾಜರುಪಡಿಸಬೇಕು, ಫಿಟ್ ಅಂತ ಬರೆದು ಒಂದು ಸೈನ್ ಹಾಕಿ." ಹುಡುಗ ತಲೆ ಬಗ್ಗಿಸಿ ನಿಂತಿದ್ದ. ಕುಂಟುತ್ತಿದ್ದ. ಹೊರಗೆ ರೋಗಿಗಳು ಕಾಯುತ್ತಿದ್ದರು. ನಾನು ಅವನ ಅಂಗಿ ಎತ್ತಿ ನೋಡಲಿಲ್ಲ. ಏನಾಯಿತಪ್ಪಾ ಎಂದೂ ಕೇಳಲಿಲ್ಲ. ಸುಮ್ನೆ ಸಹಿ ಹಾಕಿದೆ. ಅವನಿಗೆ ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಧೈರ್ಯವೂ ಆಗ ಇರಲಿಲ್ಲ.

ಆದ್ದರಿಂದ ಲ್ಯಾಂಗ್ ಮತ್ತು ಟಕ್ಕರ್ ನನಗೆ ಯಾವುದೋ ಕಾಲದ ರಾಕ್ಷಸರಾಗಿ ಕಾಣುವುದಿಲ್ಲ. ಪೊಲೀಸ್ ಅಧಿಕಾರಿಯ ಮಾತನ್ನು ಡಾಕ್ಟರ್ ಮೀರಬಹುದು ಅಂತ ತನಗೆ ಗೊತ್ತಿರಲಿಲ್ಲ ಅನ್ನುವ ಅರ್ಥದಲ್ಲಿ ಟಕ್ಕರ್ ವಿಚಾರಣೆಯಲ್ಲಿ ಹೇಳಿದ್ದರು. ನನಗೂ ಆ ರಾತ್ರಿ ಗೊತ್ತಿರಲಿಲ್ಲ.

ವೈದ್ಯಕೀಯ ಪರಿಷತ್ತು ಮೊದಲು ಈ ಇಬ್ಬರ ಮೇಲೆ ಯಾವ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ. ಫ್ರಾನ್ಸಿಸ್ ಏಮ್ಸ್, ಫಿಲಿಪ್ ಟೊಬಿಯಾಸ್, ಯೂಸುಫ್ ವೆರಿಯಾವಾ ಮೊದಲಾದ ಕೆಲವೇ ಡಾಕ್ಟರುಗಳು ತಮ್ಮದೇ ಪರಿಷತ್ತಿನ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದರು. 1985ರಲ್ಲಿ ಲ್ಯಾಂಗ್‌ಗೆ ಛೀಮಾರಿ, ಟಕ್ಕರ್ ಹೆಸರು ವೈದ್ಯರ ಪಟ್ಟಿಯಿಂದ ಹೊರಗೆ. ಅಷ್ಟಕ್ಕೇ ಎಂಟು ವರ್ಷ ಬೇಕಾಯಿತು. 1999ರಲ್ಲಿ, ವರ್ಣಭೇದ ಕಾಲದ ದೌರ್ಜನ್ಯಗಳನ್ನು ವಿಚಾರಿಸುತ್ತಿದ್ದ ಸತ್ಯ ಮತ್ತು ಸಾಮರಸ್ಯ ಆಯೋಗ ಪೊಲೀಸರಿಗೆ ಕ್ಷಮಾದಾನ ನಿರಾಕರಿಸಿತು. ಆದರೂ ಯಾರ ಮೇಲೂ ಕೊಲೆ ಮೊಕದ್ದಮೆ ನಡೆಯಲಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಕೆಲವರು ಈಗಾಗಲೇ ತೀರಿಹೋಗಿದ್ದಾರೆ. ಸಮಯ ಯಾರ ಕಡೆ ಇದೆ ಅನ್ನುವುದು ನಿಮಗೆ ಗೊತ್ತೇ ಇದೆ, ಅಲ್ವಾ?

ನ್ಯಾಯಾಧೀಶರ ಕೆಲಸದಲ್ಲಿ ನೀವು ಕೈ ಹಾಕುವಂತಿಲ್ಲ, ತಿಳಿದಿದೆ. ಆದರೆ ಪ್ರಾಸಿಕ್ಯೂಷನ್ನಿಗೆ ಬೇಕಾದ ಹಣ, ಜನ, ಹಳೆಯ ಕಡತಗಳು ಸಿಗುವ ಹಾಗೆ ನೋಡಿಕೊಳ್ಳುವುದು ನಿಮ್ಮ ಖಾತೆಯ ಕೈಯಲ್ಲಿದೆ. ವಾಯಿದೆ ಮೇಲೆ ವಾಯಿದೆ ಬೀಳದಂತೆ ನೋಡಿಕೊಳ್ಳಿ. ಪೊಲೀಸರ ಕಡತದ ಜೊತೆಗೆ ಡಾಕ್ಟರುಗಳ ಕಡತವೂ ಪೂರ್ತಿಯಾಗಿ ಕೋರ್ಟಿನ ಮುಂದೆ ಬರಲಿ. ಕೆಲಸ ಮುಗಿದ ಮೇಲೆ ಆ ದಾಖಲೆಗಳನ್ನು ಜನರಿಗೆ ಬಿಡುಗಡೆ ಮಾಡಿ, ಬೀಕೊ ಅವರ ತಾಯ್ನುಡಿ ಷೋಸಾದಲ್ಲೂ.

ಬೀಕೊ ಓದಿದ ಕಾಲೇಜಿನ ಹುಡುಗ ಹುಡುಗಿಯರು ನಮ್ಮ ವಾರ್ಡಿಗೆ ಕಲಿಯಲು ಬರುತ್ತಾರೆ. ಸೆಪ್ಟೆಂಬರ್ 7ರ ಆ ಸರ್ಟಿಫಿಕೇಟಿನ ಪ್ರತಿ ನನಗೆ ಬೇಕು. ಅವರ ಕೈಗೆ ಕೊಟ್ಟು, ಇದರಲ್ಲಿ ಏನು ಬರೆದಿಲ್ಲ ಹೇಳಿ ಎಂದು ಕೇಳಬೇಕು.

ಇಂತಿ,
ಡರ್ಬನ್ನಿನಲ್ಲಿರುವ ಒಬ್ಬ ಕನ್ನಡಿಗ ವೈದ್ಯೆ