ಏಳನೇ ಕತೆ ಓದಿದೆ ಕಣೋ

ಪ್ರೀತಿಯ ಗೆಳೆಯಾ,

ಫೋನ್ ಮಾಡಬಹುದಿತ್ತು. ನಿನ್ನ ನಂಬರ್ ತೆಗೆದು ಎರಡು ಸಲ ಹಾಗೇ ಇಟ್ಟೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಬೇರೆ ಯಾವುದೋ ವಿಷಯಕ್ಕೆ ಮಾತು ತಿರುಗಿಸುತ್ತೇನೆ, ಹೇಳಬೇಕಾದ್ದು ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿರುವುದಕ್ಕೂ ಕಾರಣ ಇದೆ. ನಮ್ಮ ಶಾಲೆಯವರು ಬಹಳ ಜನ ಇದನ್ನು ಓದುತ್ತಾರೆ. ನಮ್ಮ ಮೇಷ್ಟ್ರ ಕಥಾಸಂಕಲನ ಅವರ ಮನೆಗಳಲ್ಲೂ ಇದೆ.

ಆಗಸ್ಟ್ 17ರ ಕಾರ್ಯಕ್ರಮ ನಿಜಕ್ಕೂ ಚೆನ್ನಾಗಿ ಆಯಿತು. ಭಾನುವಾರ ಬಂದಿದ್ದು ಒಳ್ಳೆಯದಾಯಿತು. ತಿಪಟೂರಿನ ಛತ್ರದಲ್ಲಿ ಕೂರಲು ಜಾಗ ಇರಲಿಲ್ಲ. 75 ತುಂಬಿದ ಮೇಷ್ಟ್ರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಕೊಬ್ಬರಿ ಹಾರ ಹಾಕಿದಿರಲ್ಲ, ಅವರು ಮನಸಾರೆ ನಕ್ಕಿದ್ದು ಆಗಲೇ. ಆಮೇಲೆ ನನ್ನನ್ನೂ ಮೇಲೆ ಕರೆದು, ಇಬ್ಬರೂ ಹುಟ್ಟಿದ್ದು ಒಂದೇ ದಿನ ಅಂತ ಅವರ ಪಕ್ಕ ನಿಲ್ಲಿಸಿದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಭಿನಂದನ ಗ್ರಂಥಕ್ಕಾಗಿ ನೀನು ಎಂಟು ತಿಂಗಳು ಓಡಾಡಿದ್ದು ನನಗೆ ಗೊತ್ತು. ಒಬ್ಬೊಬ್ಬರಿಗೂ ಹತ್ತು ಸಲ ಫೋನ್. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದವರದು ಯೂನಿಕೋಡ್‌ಗೆ ಬರುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಕರಡು ತಿದ್ದಿ ತಿದ್ದಿ ನಿನ್ನ ಕಣ್ಣು ಕೆಂಪಾಗಿತ್ತು. 312 ಪುಟ. ಮೊದಲ ಭಾಗ ವ್ಯಕ್ತಿ, ಎರಡನೇ ಭಾಗ ಕೃತಿ, ಕೊನೆಗೆ ಫೋಟೋಗಳು. ಇಂಥ ಪುಸ್ತಕಗಳನ್ನು ಯಾರೂ ಓದುವುದಿಲ್ಲ, ಮನೆಯಲ್ಲಿ ಜಾಗ ದಂಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೈಸೂರಿನಲ್ಲಿ ಎಂ.ಎ. ಓದುವಾಗ ಲೈಬ್ರರಿಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದೇ ಇವು. ಬಿ.ಎಂ.ಶ್ರೀ.ಯವರಿಗೆ 1941ರಲ್ಲಿ ಕೊಟ್ಟ ‘ಸಂಭಾವನೆ’ಯನ್ನು ಮೊದಲು ಕೈಗೆ ತೆಗೆದುಕೊಂಡಾಗ ಹೆಸರೇ ಹಿಡಿಸಿಬಿಟ್ಟಿತು. ಪುರೋಹಿತರ ಕೈಗೆ ಇಡುವುದೂ ಸಂಭಾವನೆ, ಮನಸ್ಸಿನಲ್ಲಿರುವ ಗೌರವವೂ ಸಂಭಾವನೆ. 1967ರಲ್ಲಿ ವಿದ್ವಾಂಸ ಡಿ.ಎಲ್. ನರಸಿಂಹಾಚಾರ್ಯರಿಗೆ ಬಂದದ್ದು ‘ಉಪಾಯನ’. ಹಾಗೆಂದರೆ ಕಾಣಿಕೆ. ವಿದ್ವಾಂಸರು ತಾವು ಕೂತು ಹುಡುಕಿದ್ದನ್ನು, ಪಟ್ಟು ಹಿಡಿದು ತಿಳಿದುಕೊಂಡಿದ್ದನ್ನು ಬರೆದು ಗುರುಗಳ ಕೈಗಿಟ್ಟರು. ಜರ್ಮನಿಯಲ್ಲೂ ಈ ಪದ್ಧತಿ ಇದೆ, ಅಲ್ಲಿ ಫೆಸ್ಟ್‌ಶ್ರಿಫ್ಟ್ ಅನ್ನುತ್ತಾರೆ. ಹುಟ್ಟುಹಬ್ಬಕ್ಕೆ ಓದಿನ ಉಡುಗೊರೆ! ಎಷ್ಟು ಚೆನ್ನಾಗಿದೆ ಅಲ್ವಾ?

ನಾನು ಕೊಟ್ಟ ಉಡುಗೊರೆ ಎಂಥದು ಅಂತ ಈಗ ಹೇಳಬೇಕು.

ಕೃತಿ ವಿಭಾಗದಲ್ಲಿ ಮೇಷ್ಟ್ರ ಕಥಾಸಂಕಲನದ ಬಗ್ಗೆ ನಾಲ್ಕು ಪುಟ ಬರೆದವನು ನಾನು. ಗ್ರಾಮೀಣ ಬದುಕಿನ ಜೀವಂತ ಚಿತ್ರಣ ಅಂದೆ. ಮಾನವೀಯ ಕಳಕಳಿ ಅಂದೆ. ಹನ್ನೊಂದು ಕತೆಗಳೂ ಒಂದಕ್ಕಿಂತ ಒಂದು ಮಿಗಿಲು ಅಂದೆ. ನಾನು ಓದಿದ್ದು ಎರಡೇ ಕತೆ. ಜೊತೆಗೆ ಮುನ್ನುಡಿ, ಬೆನ್ನುಡಿ. ನೀನು ನಂಬಿ ಅಚ್ಚು ಹಾಕಿಸಿದೆ. ಕ್ಷಮಿಸು.

ಊಟದ ಹೊತ್ತಿನಲ್ಲಿ ನೀವೆಲ್ಲ ಒಬ್ಬಟ್ಟು ಸಾಲಲಿಲ್ಲ ಅಂತ ಭಟ್ಟರನ್ನು ಹುಡುಕುತ್ತಿದ್ದಿರಿ. ಮೇಷ್ಟ್ರು ವೇದಿಕೆಯ ಪಕ್ಕದ ಕೋಣೆಯಲ್ಲಿ ಕೂತಿದ್ದರು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಹಣೆಯ ಮೇಲೆ ಅದರ ಗುರುತು ಮೂಡಿತ್ತು. ನನ್ನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು.

“ನಿನ್ನ ಲೇಖನ ಓದಿದೆ. ಏಳನೇ ಕತೆ ಹ್ಯಾಗನ್ನಿಸ್ತಪ್ಪ?”

“ಬಹಳ ಚೆನ್ನಾಗಿದೆ ಸಾರ್.”

ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಸಿಟ್ಟಿಲ್ಲ, ಬೇಜಾರೂ ಇಲ್ಲ. ಮಗ್ಗಿ ತಪ್ಪು ಹೇಳಿದಾಗ ನೋಡುತ್ತಿದ್ದರಲ್ಲ, ಹಾಗೆ. ಮುಂದೆ ಹೇಳುತ್ತೀಯೇನೋ ಅಂತ ಕಾಯುವ ನೋಟ. ನನ್ನ ಹತ್ತಿರ ಮುಂದಿನ ಮಾತು ಇರಲಿಲ್ಲ. “ಆಯ್ತು, ಊಟ ಮಾಡ್ಕಂಡು ಹೋಗು” ಅಂದು ಕೈ ಬಿಟ್ಟರು.

ಊಟ ಸೇರಲಿಲ್ಲ. ಸಂಜೆ ರೈಲು ಹತ್ತಿ ಕಿಟಕಿ ಪಕ್ಕ ಕೂತೆ. ಸಹಿ ಹಾಕಿಸೋಣ ಅಂತ ಆ ಪುಸ್ತಕವನ್ನು ಬ್ಯಾಗಿನಲ್ಲಿ ಒಯ್ದಿದ್ದೆ. ತೆಗೆದರೆ ಸಹಿ ಆಗಲೇ ಇತ್ತು! 1998ರ ಆಗಸ್ಟ್ 17ರಂದು ಅವರೇ ಕೊಟ್ಟಿದ್ದು. ನೀಲಿ ಇಂಕಿನಲ್ಲಿ, ಬೋರ್ಡಿನ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ, ‘ನಿನ್ನ ಹುಟ್ಟುಹಬ್ಬಕ್ಕೆ, ನನ್ನ ಹುಟ್ಟುಹಬ್ಬದಂದು’ ಅಂತ ಬರೆದಿದ್ದರು. ಹುಟ್ಟುಹಬ್ಬಕ್ಕೆ ಕೊಟ್ಟ ಪುಸ್ತಕ 27 ವರ್ಷ ನನ್ನ ಕಪಾಟಿನಲ್ಲಿ ಓದದೇ ಕೂತಿತ್ತು.

ಏಳನೇ ಕತೆ ಹದಿನಾಲ್ಕು ಪುಟ. ಗುಬ್ಬಿ ಬರುವಷ್ಟರಲ್ಲಿ ಮುಗಿಯಿತು.

ಒಬ್ಬರೇ ಮೇಷ್ಟ್ರಿರುವ ಒಂದು ಶಾಲೆ. ಜೂನ್ ತಿಂಗಳ ಮೊದಲ ವಾರ. ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಾರೆ. ಮೇಷ್ಟ್ರು ಒಬ್ಬೊಬ್ಬರನ್ನೂ ನಿಲ್ಲಿಸಿ, ತಲೆಯ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟು ಅನ್ನುತ್ತಾರೆ. ಮುಟ್ಟಿದರೆ ವಯಸ್ಸಾಗಿದೆ ಅಂತ ಲೆಕ್ಕ. ಆಮೇಲೆ ದಾಖಲಾತಿ ಪುಸ್ತಕ ತೆಗೆದು ಹುಟ್ಟಿದ ತಾರೀಖು ಕೇಳುತ್ತಾರೆ. “ಕೆರೆ ಕೋಡಿ ಬಿದ್ದ ವರ್ಷ ಸಾ.” “ನಮ್ ಕೆಂಪಿ ಕರು ಹಾಕಿತ್ತಲ್ಲ, ಅದರ ಹಿಂದಿನ ವಾರ.” ಮೇಷ್ಟ್ರು ನಕ್ಕು ಎಲ್ಲರಿಗೂ ಜೂನ್ 1 ಅಂತ ಬರೆಯುತ್ತಾರೆ. ನಿನಗೂ ಜೂನ್ 1, ನಮ್ಮ ಎರಡನೇ ಬೆಂಚಿನ ಮೂವರಿಗೂ ಜೂನ್ 1. ಪ್ರತಿ ವರ್ಷ ಅವತ್ತು ನಮ್ಮ ಗ್ರೂಪಿನಲ್ಲಿ ಇಪ್ಪತ್ತು ಜನರಿಗೆ ಒಟ್ಟಿಗೆ ಹ್ಯಾಪಿ ಬರ್ತ್‌ಡೇ ಹೇಳುತ್ತೀವಲ್ಲ, ಆ ಜೂನ್ 1 ಇದೇ. ಕರ್ನಾಟಕದ ಊರೂರಲ್ಲೂ ಹೀಗೆ ಮೇಷ್ಟ್ರ ಪೆನ್ನಿನಿಂದ ಹುಟ್ಟಿದ ಮಕ್ಕಳಿದ್ದಾರೆ.

ಕತೆಯಲ್ಲಿ ಕೊನೆಗೆ ಒಬ್ಬ ಹೆಂಗಸು ಬರುತ್ತಾಳೆ. ಹಣೆ ಬರಿದು. ಮಗ ಯಾವಾಗ ಹುಟ್ಟಿದ ಅಂದರೆ, “ರಾಗಿ ಕಣ ನಡೀತಿತ್ತು ಸಾ” ಅನ್ನುತ್ತಾಳೆ. ಮೇಷ್ಟ್ರು ಪೆನ್ನು ಎತ್ತುತ್ತಾರೆ. ಆಗ ಹುಡುಗ ಬಾಯಿ ಬಿಟ್ಟು, “ಸಾ, ನಾನು ನಿಜವಾಗ್ಲೂ ಯಾವತ್ ಹುಟ್ಟಿದ್ದು?” ಅಂತ ಕೇಳುತ್ತಾನೆ. ಅಲ್ಲಿಯವರೆಗೆ ಯಾವ ಮಗುವೂ ಅದನ್ನು ಕೇಳಿರಲಿಲ್ಲ. ಮೇಷ್ಟ್ರ ಪೆನ್ನು ನಿಲ್ಲುತ್ತದೆ. ನಿಜವಾಗಲೂ ಅಂತ ಕೇಳಿದವನಿಗೆ ಜೂನ್ 1 ಬರೆಯಲು ಮನಸ್ಸು ಬರುವುದಿಲ್ಲ. ನಿಜ ಅಂತ ಅವರಿಗೆ ಗೊತ್ತಿರುವ ತಾರೀಖು ಒಂದೇ ಒಂದು. ಅದನ್ನು ಬರೆದುಬಿಡುತ್ತಾರೆ.

ನಮ್ಮಮ್ಮ ಇವತ್ತಿಗೂ ಹೇಳುವುದು ಅದೇ ಮಾತು. ರಾಗಿ ಕಣ ನಡೀತಿತ್ತು. ಆಗಸ್ಟಿನಲ್ಲಿ ಎಲ್ಲಿಯ ಕಣ? ದಾಖಲೆಯ ತಾರೀಖು ಸುಳ್ಳು ಅಂತ ನನಗೆ ಗೊತ್ತಿತ್ತು. ಆದರೆ ನನಗೊಬ್ಬನಿಗೆ ಮಾತ್ರ ಯಾಕೆ ಆಗಸ್ಟ್ 17 ಅಂತ ಒಂದು ದಿನವೂ ಯೋಚನೆ ಮಾಡಲಿಲ್ಲ. ಅವತ್ತು ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ನನ್ನ ಕೈಗೆ ಎರಡು ಕೊಬ್ಬರಿ ಮಿಠಾಯಿ ಇಡುತ್ತಿದ್ದರು. ಇಬ್ಬರದೂ ಒಂದೇ ದಿನ, ಅದಕ್ಕೇ ಅಂದುಕೊಂಡು ತಿನ್ನುತ್ತಿದ್ದೆ. ಒಂದು ನಿನಗೆ ಕೊಡುತ್ತಿದ್ದೆ.

ಅಪ್ಪ ಇಲ್ಲದ ಮನೆ ನಮ್ಮದು, ನಿನಗೆ ಗೊತ್ತು. ಬ್ಯಾಂಕಿನ ಫಾರಂ ತುಂಬುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರಿನ ಹತ್ತಿರ ಬಂದರೆ ಈಗಲೂ ಕೈ ಒಂದು ಕ್ಷಣ ನಿಧಾನ ಆಗುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಹುಟ್ಟಿದ ತಾರೀಖು ಇರುತ್ತದೆ. ಅದನ್ನು ಮಾತ್ರ ಸರಸರ ಬರೆದು ಮುಗಿಸುತ್ತೇನೆ. ಅದು ಮೇಷ್ಟ್ರು ಕೊಟ್ಟಿದ್ದು ಅಂತ ಗೊತ್ತಾಗಲು ನನಗೆ 49 ಆಗಬೇಕಾಯಿತು. ಅವರು ಬರೆದು ಅಚ್ಚು ಹಾಕಿಸಿ, ಕೈಗೇ ಕೊಟ್ಟಿದ್ದರು. ಓದಿದ್ದರೆ ಸಾಕಿತ್ತು. ತುಮಕೂರಿನವರೆಗೂ ಪುಸ್ತಕ ಮುಚ್ಚಿಟ್ಟುಕೊಂಡು ಕೂತಿದ್ದೆ. ಎದುರಿಗಿದ್ದ ಅಜ್ಜಿ ನೀರು ಬೇಕೇನಪ್ಪ ಅಂತ ಬಾಟಲಿ ಚಾಚಿದರು.

ಇಷ್ಟು ಬರೆಯಬೇಕು ಅಂದುಕೊಂಡಿರಲಿಲ್ಲ. ಬರೆದಾಯಿತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮೇಷ್ಟ್ರ ಪುಸ್ತಕ ಒಂದೇ ಅಲ್ಲ. ಬೇರೆ ಇಬ್ಬರ ಷಷ್ಟ್ಯಬ್ದಿ ಪುಸ್ತಕಕ್ಕೂ ನಾನು ಹೀಗೇ ಪೂರ್ತಿ ಓದದೆ ಬರೆದಿದ್ದೇನೆ. ಸೋಮಾರಿತನ ಅಲ್ಲ ಕಣೋ. ಹೆದರಿಕೆ. ನಮಗೆ ಬೇಕಾದವರ ಪುಸ್ತಕ ಓದುವಾಗ, ಅಕಸ್ಮಾತ್ ಇಷ್ಟವಾಗದೇ ಹೋದರೆ ಅನ್ನುವ ಹೆದರಿಕೆ. ಇಷ್ಟವಾಗದಿದ್ದರೆ ಮುಖ ಹೇಗೆ ನೋಡುವುದು? ಹುಟ್ಟುಹಬ್ಬದ ದಿನ ಏನು ಹೇಳುವುದು? ಓದದಿದ್ದರೆ ಹೊಗಳುವುದು ಸುಲಭ. ಹೊಗಳಿದವನ ಮನಸ್ಸೂ ಹಗುರ. ಆದರೆ ಬರೆದವರಿಗೆ ಗೊತ್ತಾಗುತ್ತದೆ. ಏಳನೇ ಕತೆ ಹೇಗನ್ನಿಸಿತು ಅಂತ ಕೇಳಿದರೆ ಸಾಕು.

ಅವತ್ತು ರಾತ್ರಿ ಮನೆಗೆ ಬಂದು ಉಳಿದ ಎಂಟನ್ನೂ ಓದಿದೆ. ಈಗ ನನ್ನ ಅಭಿಪ್ರಾಯ ಕೇಳು. ಮೂರನೇ ಕತೆ ಸರಿಯಾಗಿ ಕೂತಿಲ್ಲ. ಮಧ್ಯದಲ್ಲಿ ಪಾತ್ರಗಳು ಮಾತಾಡುವುದನ್ನು ಬಿಟ್ಟು ಮೇಷ್ಟ್ರೇ ಪಾಠ ಮಾಡಲು ನಿಂತಿದ್ದಾರೆ. ಆರನೆಯದು ಉದ್ದ ಜಾಸ್ತಿ, ಸಂತೆಯ ಭಾಗ ತೆಗೆದರೆ ಏನೂ ಕಮ್ಮಿಯಾಗುವುದಿಲ್ಲ. ಹತ್ತನೆಯದರಲ್ಲಿ ತೆಂಗಿನ ತೋಟ ಮಾರಿದ ಮುದುಕ ರಾತ್ರಿ ಎದ್ದು ಹೋಗಿ ಮಟ್ಟೆ ಬಿದ್ದ ಸದ್ದು ಕೇಳುತ್ತಾ ನಿಲ್ಲುತ್ತಾನೆ. ಅಂಥದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಏಳನೆಯದರ ಕೊನೆಯ ಪ್ಯಾರಾ ಬೇಕಿರಲಿಲ್ಲ. ತಾರೀಖು ಬರೆದು ಪುಸ್ತಕ ಮುಚ್ಚಿದಲ್ಲಿಗೆ ನಿಲ್ಲಿಸಿಬಿಡಬೇಕಿತ್ತು. ಇಷ್ಟನ್ನೂ ಹಾಗೆ ಹಾಗೇ ಬರೆದು ಮೇಷ್ಟ್ರಿಗೆ ಅಂಚೆಗೆ ಹಾಕಿದ್ದೇನೆ. ಹನ್ನೊಂದು ಪುಟ ಆಯಿತು. ಇನ್ನೂ ಉತ್ತರ ಬಂದಿಲ್ಲ.

ಒಂದು ದಿನ ನೆನಪಾಗುತ್ತಿದೆ. 1986ರ ಜೂನ್, ನಾವು ನಾಲ್ಕನೇ ಕ್ಲಾಸು. ಮಾಸ್ತಿಯವರು ತೀರಿಕೊಂಡರು ಅಂತ ಮೇಷ್ಟ್ರು ಪ್ರಾರ್ಥನೆಯಲ್ಲಿ ಹೇಳಿದರು. ಅವರು 1891ರ ಜೂನ್ 6ಕ್ಕೆ ಹುಟ್ಟಿದರು, ಅದೇ ಜೂನ್ 6ಕ್ಕೆ ಹೋದರು, ಸರಿಯಾಗಿ 95 ವರ್ಷ ಅಂತ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. ನೀನು ಎದ್ದು ನಿಂತು, “ಅವರ ತಾರೀಖು ಯಾವ ಮೇಷ್ಟ್ರು ಬರೆದಿದ್ದು ಸಾ?” ಅಂತ ಕೇಳಿದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ, ನನ್ನ ಕಡೆ ನೋಡಿದರು. ಯಾಕೆ ನೋಡಿದರು ಅಂತ ಈಗ ಅರ್ಥವಾಗುತ್ತಿದೆ.

ಇನ್ನು ಕೆಲಸದ ಮಾತು. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರ ದರ್ಶನ ಮಾಡುತ್ತಾರಲ್ಲ, ಅದು ಸುಮಾರು 80 ವರ್ಷ 10 ತಿಂಗಳಿಗೆ ಬರುತ್ತದೆ. ಮೇಷ್ಟ್ರಿಗೆ 2031ರ ಜೂನ್. ಮತ್ತೆ ಜೂನೇ! ಆಗ ಇನ್ನೊಂದು ದಪ್ಪ ಪುಸ್ತಕ ಬೇಡ. ಹನ್ನೊಂದು ಕತೆ ಇವೆ, ಹನ್ನೊಂದು ಜನ ಒಂದೊಂದು ಕತೆ ಹಂಚಿಕೊಳ್ಳೋಣ. ಚೆನ್ನಾಗಿ ಓದಿ, ಅನ್ನಿಸಿದ್ದನ್ನು ಅನ್ನಿಸಿದ ಹಾಗೆ ಬರೆದುಕೊಡೋಣ. ಇಷ್ಟವಾಗದ್ದನ್ನೂ ಬರೆಯೋಣ. ತೆಳ್ಳಗಿನ ಪುಸ್ತಕ ಸಾಕು. ಅಷ್ಟು ದಿನ ಕಾಯಬೇಕು ಅಂತಲೂ ಇಲ್ಲ, ಬರೆದವರು ಬರೆದ ಹಾಗೆ ಅಂಚೆಗೆ ಹಾಕಿಬಿಡಿ. ಒಬ್ಬಟ್ಟಿನ ಲೆಕ್ಕ ಮಾತ್ರ ಈ ಸಲ ನನಗೆ ಬಿಡು. ತಲೆಗೆ ಮೂರರ ಹಾಗೆ ಹೇಳಿಬಿಡುತ್ತೇನೆ, ಸಾಲದು ಅನ್ನುವ ಮಾತೇ ಇರುವುದಿಲ್ಲ.

ನೀನು ಯಾವ ಕತೆ ತೆಗೆದುಕೊಳ್ಳುತ್ತೀಯ ಅಂತ ತಿಳಿಸು. ಏಳನೆಯದನ್ನು ಮೊದಲು ಒಂದು ಸಲ ಓದಿಬಿಡು. ಅದರ ಎರಡನೇ ಪುಟದಲ್ಲಿ ಒಬ್ಬ ಗಿಡ್ಡ ಹುಡುಗ ಬರುತ್ತಾನೆ. ಕೈ ಸಾಲದೆ, ಮೇಷ್ಟ್ರು ಆ ಕಡೆ ನೋಡಿದಾಗ ತಲೆ ವಾಲಿಸಿ ಕಿವಿ ಮುಟ್ಟಿಬಿಡುತ್ತಾನೆ. ಮೇಷ್ಟ್ರು ನೋಡಿಯೂ ನೋಡದ ಹಾಗೆ ಜೂನ್ 1 ಬರೆಯುತ್ತಾರೆ. ಯಾರು ಅಂತ ನಾನು ಹೇಳುವುದಿಲ್ಲ.

ಇಂತಿ ನಿನ್ನ,
ಆಗಸ್ಟ್ 17ರವನು